ಖಂಡೆಪೂಜೆಯ ಮಧ್ಯಾಹ್ನ ಸರ್ವರಿಗೆ ಬಂದವರು

ದಸರೆ ಕಳೆದಿತ್ತು. ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಗಳು ಇನ್ನೂ ಒಣಗುತ್ತಾ ನೇತಾಡುತ್ತಿದ್ದವು. ಬೆಳಿಗ್ಗೆ ಡಾಕ್ಟರರ ಫೋನು ಬಂತು. ಮನೆಮಂದಿಯ ಆರೋಗ್ಯ ವಿಚಾರಿಸದೆ ಎಂದೂ ಮಾತು ಶುರು ಮಾಡದ ಮನುಷ್ಯ ಅಂದು ನೇರ ವಿಷಯಕ್ಕೆ ಬಂದರು. "ಮೇಡಮ್ಮಾರ, ನಮ್ಮ ಸರ್ವರಿನ್ಯಾಗ ಯಾರೋ ಕೈ ಹಾಕ್ಯಾರ. ಲಗೂ ಬರ್ರಿ."

ಈ ಡಾಕ್ಟರರದು ರಕ್ತ, ಮೂತ್ರ ಪರೀಕ್ಷೆಯ ಲ್ಯಾಬು. ರೋಣದಲ್ಲಿ ಮುಖ್ಯ ಲ್ಯಾಬು, ನರಗುಂದದಲ್ಲೂ ಗಜೇಂದ್ರಗಡದಲ್ಲೂ ಒಂದೊಂದು ಕೇಂದ್ರ. ಮೂರೂ ಕಡೆಯ ವರದಿಗಳು ರೋಣದ ಹಿಂದಿನ ಕೋಣೆಯಲ್ಲಿರುವ ಒಂದು ಲಿನಕ್ಸ್ ಸರ್ವರಿನಲ್ಲಿ ಕೂಡುತ್ತವೆ, ಅಲ್ಲಿಂದ ರೋಗಿಗಳ ಮೊಬೈಲಿಗೆ ಹೋಗುತ್ತವೆ. ಆ ಸರ್ವರನ್ನು ನೋಡಿಕೊಳ್ಳುವ ಕೆಲಸ ಹಿಂದಿನ ವರ್ಷ ನನ್ನ ಪಾಲಿಗೆ ಬಂದಿತ್ತು. ನಾನು ಸ್ವಭಾವದಿಂದಲೇ ಅನುಮಾನದವಳು. ಹಾಲು ಬಂದರೆ ಮೂಸಿ ನೋಡಿಯೇ ಒಲೆಯ ಮೇಲಿಡುತ್ತೇನೆ. ಬಾಗಿಲಿಗೆ ಕೀಲಿ ಹಾಕಿ ಓಣಿ ದಾಟಿದವಳು ತಿರುಗಿ ಬಂದು ಜಗ್ಗಿ ನೋಡುತ್ತೇನೆ. ನಮ್ಮತ್ತೆ ಇದನ್ನು ರೋಗ ಅನ್ನುತ್ತಾರೆ. ಈ ಕೆಲಸದಲ್ಲಿ ಮಾತ್ರ ಆ ರೋಗಕ್ಕೆ ಸಂಬಳ ಕೊಡುತ್ತಾರೆ.

ಆದದ್ದಿಷ್ಟು. ಹೆರಿಗೆಗೆಂದು ಗಜೇಂದ್ರಗಡದ ತವರಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಶ್ರಾವಣದಲ್ಲಿ ನಮ್ಮ ಅಲ್ಲಿಯ ಕೇಂದ್ರದಲ್ಲಿ ರಕ್ತದ ಗುಂಪಿನ ಪರೀಕ್ಷೆ ಮಾಡಿಸಿದ್ದಳು. ಅಂದು ಅಚ್ಚು ಹಾಕಿ ಕೊಟ್ಟ ಕಾಗದದಲ್ಲಿ ಬಿ ನೆಗೆಟಿವ್ ಎಂದಿತ್ತು. ಈಗ ಹೆರಿಗೆ ಆಸ್ಪತ್ರೆಯ ನರ್ಸು ಮೊಬೈಲಿನಲ್ಲಿ ಅದೇ ವರದಿ ತೆರೆದರೆ ಬಿ ಪಾಸಿಟಿವ್ ಎಂದು ತೋರಿಸುತ್ತಿತ್ತು. ಗಂಡ ಪುಣ್ಯಾತ್ಮ, ಹಳೆಯ ಕಾಗದವನ್ನು ಜೋಪಾನ ಮಾಡಿದ್ದ. ಮತ್ತೆ ರಕ್ತ ತೆಗೆದು ನೋಡಿದರು, ನೆಗೆಟಿವ್ ಬಂತು. ಅಂದರೆ ಕಾಗದ ಖರೇ, ಕಂಪ್ಯೂಟರು ಸುಳ್ಳು. ನೆಗೆಟಿವ್ ಇರುವ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದರೆ ಬೇಗ ಒಂದು ಚುಚ್ಚುಮದ್ದು ಕೊಡಬೇಕು. ತಪ್ಪಿದರೆ ಮುಂದಿನ ಬಸಿರಿನ ಕೂಸಿಗೆ ಕುತ್ತು. ಮನೆಯಲ್ಲಿ ಆ ಒಂದು ಕಾಗದ ಕಳೆದಿದ್ದರೆ ಚುಚ್ಚುಮದ್ದು ತಪ್ಪಿಯೇ ಹೋಗುತ್ತಿತ್ತು.

ಡಾಕ್ಟರರ ಮುಖ ಇಳಿದಿತ್ತು. ನಾನು ಸರ್ವರಿನ ಮುಂದೆ ಕೂತು ಮೊದಲು ಆ ವರದಿಯ ಸಾಲನ್ನು ತೆಗೆದೆ. ಕೊನೆಯ ಬದಲಾವಣೆ ಆದದ್ದು ನವಮಿಯ ಮಧ್ಯಾಹ್ನ ಎಂದಿತ್ತು. ಲ್ಯಾಬಿನ ತಂತ್ರಾಂಶದ ಮೂಲಕ ತಿದ್ದಿದ್ದರೆ ತಿದ್ದಿದವರ ಹೆಸರು ಬರಬೇಕು. ಬಂದಿರಲಿಲ್ಲ. ಯಾರೋ ತಂತ್ರಾಂಶವನ್ನು ಬಿಟ್ಟು, ಸರ್ವರಿನ ಒಳಗೇ ಇಳಿದು, ನೇರವಾಗಿ ಅಳಿಸಿ ಬರೆದಿದ್ದರು. ಇನ್ನು ಉಳಿದದ್ದು ಲಾಗ್. ಸರ್ವರಿಗೆ ಯಾರು ಯಾವಾಗ ಎಲ್ಲಿಂದ ಬಂದರು ಎಂದು ಯಂತ್ರವೇ ಬರೆದಿಡುವ ದಾಖಲೆ ಅದು. ಆ ದಿನದ ಲಾಗಿನಿಂದ, ಒಳಗೆ ಬಿಟ್ಟುಕೊಂಡದ್ದನ್ನು ಹೇಳುವ ಸಾಲುಗಳನ್ನಷ್ಟೇ ಸೋಸಿ ತೆಗೆದೆ. ಒಂದು ಸಾಲು ಸಿಕ್ಕಿತು. ನವಮಿಯ ಮಧ್ಯಾಹ್ನ, ಪಾಸ್‌ವರ್ಡ್ ಒಪ್ಪಿತು, ಬಂದವರು ರೂಟ್, ಬಂದದ್ದು ಗಜೇಂದ್ರಗಡದ ಕಂಪ್ಯೂಟರಿನಿಂದ.

ರೂಟ್ ಎಂದರೆ ಲಿನಕ್ಸ್ ಯಂತ್ರದ ಯಜಮಾನ. ಅವನಿಗೆ ಮುಚ್ಚಿದ ಬಾಗಿಲಿಲ್ಲ, ಬೇಡ ಅನ್ನುವವರಿಲ್ಲ. ತಿಳಿದವರು ದೂರದಿಂದ ಆ ಹೆಸರಿನಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ನಮ್ಮಲ್ಲಿ ಮಾತ್ರ ಅದು ತೆರೆದೇ ಇತ್ತು. ತಂತ್ರಾಂಶ ಹಾಕಿಕೊಟ್ಟ ಹುಬ್ಬಳ್ಳಿಯವನು ಮೊದಲ ದಿನ ಇಟ್ಟ ಪಾಸ್‌ವರ್ಡೇ ಮೂರೂ ಊರಿನಲ್ಲಿ ಎಲ್ಲರ ಬಾಯಲ್ಲಿತ್ತು. ಮುಚ್ಚೋಣ ಎಂದು ನಾನು ಎರಡು ಸಲ ಹೇಳಿದ್ದೆ. ಕೆಲಸ ನಿಂತೀತು ಎಂದು ಡಾಕ್ಟರರು ಮುಂದೂಡಿದ್ದರು. ಹೀಗಾಗಿ ರೂಟ್ ಬಂದ ಎಂದರೆ ಯಾರು ಬಂದರು ಎಂದು ಹೇಳುವಂತಿರಲಿಲ್ಲ. ಆದರೆ ಎಲ್ಲಿಂದ ಎಂಬುದಕ್ಕೆ ಸಾಕ್ಷಿಯಿತ್ತು. ಈ ಸರ್ವರಿಗೆ ಹೊರಗಿನ ಇಂಟರ್‌ನೆಟ್ಟಿನಿಂದ ನೇರ ದಾರಿಯಿಲ್ಲ. ಮೂರು ಊರುಗಳ ನಡುವೆ, ಇಂಟರ್‌ನೆಟ್ಟಿನ ಮೋಡೆಮಿಗೆ ಸಂಬಂಧವಿಲ್ಲದ ಬೇರೆ ತಂತಿಯ ಮೇಲೆ, ಒಂದು ಖಾಸಗಿ ಸಂಪರ್ಕವಿದೆ, ಬರುವವರು ಆ ಮೂರರಲ್ಲೊಂದು ಕಂಪ್ಯೂಟರಿನಿಂದಲೇ ಬರಬೇಕು.

ಇಲ್ಲಿ ನಮ್ಮ ಲ್ಯಾಬಿನ ದಸರೆಯ ಪದ್ಧತಿ ಹೇಳಬೇಕು. ನವಮಿಯ ದಿನ ಖಂಡೆಪೂಜೆ. ರೈತರು ಕುಡಗೋಲು, ಕುಂಟೆ ಪೂಜೆಗಿಟ್ಟಂತೆ ನಾವು ಯಂತ್ರಗಳನ್ನು ಇಡುತ್ತೇವೆ. ರೋಣದಲ್ಲಿ ಡಾಕ್ಟರರ ತಂದೆಯ ಕಾಲದ ಸೂಕ್ಷ್ಮದರ್ಶಕ ನಡುವೆ ಕೂರುತ್ತದೆ, ಸುತ್ತ ಉಳಿದವು. ಕುಂಕುಮ, ಹೂ ಏರಿದ ಮೇಲೆ ಅವನ್ನು ಯಾರೂ ಮುಟ್ಟುವಂತಿಲ್ಲ. ದಶಮಿಯ ಸಂಜೆ ಮೂರೂ ಊರಿನವರು ರೋಣದಲ್ಲಿ ಕೂಡಿ, ಆರತಿ ಮಾಡಿ, ಬನ್ನಿ ಕೊಟ್ಟು ತೆಗೆದುಕೊಂಡು, ಯಂತ್ರಗಳನ್ನು ಮತ್ತೆ ಚಾಲು ಮಾಡುತ್ತಾರೆ. ಸರ್ವರನ್ನು ಮಾತ್ರ ಆರಿಸಕೂಡದು ಎಂದು ನಾನು ಹಿಂದಿನ ವರ್ಷ ಜಗಳವಾಡಿದ್ದೆ. ವರ್ಷಕ್ಕೊಂದು ದಿನ ಅದಕ್ಕೂ ಬಿಡುವು ಬೇಡವೇ ಎಂದು ಡಾಕ್ಟರರು ನಕ್ಕಿದ್ದರು. ಈ ವರ್ಷ ಆರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ನವಮಿಗೆ ನಾನು ಹೊಳೆಆಲೂರಿನ ತವರಿಗೆ ಹೋಗಿದ್ದೆ. ದಶಮಿಯ ಸಂಜೆ ತಡವಾಗಿ ಲ್ಯಾಬಿಗೆ ಬಂದಾಗ ಇಂಟರ್‌ನೆಟ್ಟಿನ ಮೋಡೆಮ್ ಆರಿಯೇ ಇತ್ತು, ಸರ್ವರ್ ಮಾತ್ರ ನಡೆಯುತ್ತಿತ್ತು. ಮಾತು ಉಳಿಸಿಕೊಂಡಿದ್ದಾರೆ ಎಂದುಕೊಂಡು, ಹೂ ಸರಿಸಿ ಮೋಡೆಮ್ ನಾನೇ ಚಾಲು ಮಾಡಿದ್ದೆ.

ಹಾಗಾದರೆ ನವಮಿಯ ಮಧ್ಯಾಹ್ನ, ಎಲ್ಲ ಕಡೆ ಯಂತ್ರಗಳು ಪೂಜೆಗೆ ಕೂತ ಹೊತ್ತಿನಲ್ಲಿ, ಗಜೇಂದ್ರಗಡದ ಕೇಂದ್ರದಲ್ಲಿ ಯಾರಿದ್ದರು? ಅಲ್ಲಿ ಕೆಲಸ ಮಾಡುವವಳು ಒಬ್ಬಳೇ ಟೆಕ್ನಿಷಿಯನ್. ಆ ಗರ್ಭಿಣಿಯ ರಕ್ತ ತೆಗೆದವಳೂ ಅವಳೇ. ಕೇಂದ್ರದ ಕೀಲಿಕೈ ಇರುವುದೂ ಅವಳ ಹತ್ತಿರವೇ.

ಡಾಕ್ಟರರು ಅವಳನ್ನು ರೋಣಕ್ಕೆ ಕರೆಸಿದರು. ನರಗುಂದದ ಮ್ಯಾನೇಜರೂ ಬಂದು ಕೂತರು. ಅವರು ಕೊಣ್ಣೂರಿನವರು, ಲ್ಯಾಬು ಶುರುವಾದಂದಿನಿಂದ ಇದ್ದವರು, ಡಾಕ್ಟರರಿಗೆ ಬಲಗೈ. ನವಮಿಯ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದಾಗ ಆ ಹುಡುಗಿ ತಡವರಿಸಲಿಲ್ಲ. ಕೇಂದ್ರದಲ್ಲೇ ಇದ್ದೆ, ಪೂಜೆ ಮಾಡಿ ದೀಪಕ್ಕೆ ಎಣ್ಣೆ ಹಾಕಿ ಹೋದೆ, ಜೊತೆಗೆ ಯಾರೂ ಇರಲಿಲ್ಲ ಎಂದಳು.

"ಕಂಪ್ಯೂಟರ್ ಮುಟ್ಟಿಲ್ರಿ. ಕುಂಕುಮ ಹಚ್ಚೇನಿ, ಅಷ್ಟ."

ಅವಳು ಹೊರಗೆ ಹೋದ ಮೇಲೆ ಮ್ಯಾನೇಜರು ಕುರ್ಚಿ ಮುಂದೆ ಎಳೆದುಕೊಂಡರು. ಗಜೇಂದ್ರಗಡದಲ್ಲಿ ಹೊಸದೊಂದು ಲ್ಯಾಬು ಆಗುತ್ತಿದೆ, ಅಲ್ಲಿಗೆ ಇವಳನ್ನು ಕರೆದಿದ್ದಾರೆ ಎಂದು ಸುದ್ದಿಯಿತ್ತು. "ಹೋಗೂ ಮುಂದ ನಮ್ಮ ಹೆಸರು ಕೆಡಿಸಿ ಹೋದ್ರ ಆ ಲ್ಯಾಬಿನವರಿಗೆ ಚಲೋನ ಅಲ್ರಿ, ಸರ?" ಎಂದರು.

ನನಗೂ ಅದೇ ಸರಿ ಅನಿಸಿತು. ಮೊದಲಿನಿಂದಲೂ ಆ ಹುಡುಗಿ ನನಗೆ ಅಷ್ಟಕ್ಕಷ್ಟೇ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರನ್ನು ಕಂಡರೆ ಒಳಗೆ ಏನೋ ಇಟ್ಟುಕೊಂಡಿದ್ದಾರೆ ಎಂದೇ ನನಗೆ ಅನಿಸುತ್ತದೆ. ಡಾಕ್ಟರರು ನನಗೆ ಹೇಳಿದ್ದು ಇಷ್ಟೇ: ಸರ್ವರಿನ ಸಾಕ್ಷಿ ಏನು ಹೇಳುತ್ತದೆ ಎಂದು ಬರೆದು ಸಹಿ ಹಾಕಿ ಕೊಡಿ, ಅವಳನ್ನು ಕೆಲಸದಿಂದ ತೆಗೆಯುತ್ತೇನೆ, ಪೊಲೀಸರಿಗೆ ಕೊಡುವುದನ್ನು ಆಮೇಲೆ ನೋಡೋಣ. ಅಲ್ಲಿಯವರೆಗೆ ಅವಳು ಎಂದಿನಂತೆ ಕೆಲಸಕ್ಕೆ ಬರಲಿ. ವರದಿ ಕೆಡಿಸಿದವಳು ಎಂಬ ಹೆಸರು ಬಂದರೆ ಈ ಸೀಮೆಯ ಯಾವ ಲ್ಯಾಬೂ ಅವಳನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಹೊಸ ಲ್ಯಾಬಿನವರಂತೂ ಮೊದಲೇ ಕೈಬಿಡುತ್ತಿದ್ದರು.

ಬರೆಯಲು ಕೂತೆ. ಮೊದಲ ವಾಕ್ಯ ಸಲೀಸಾಗಿ ಬಂತು: ಗಜೇಂದ್ರಗಡದ ಕಂಪ್ಯೂಟರಿನಿಂದ ರೂಟ್ ಪ್ರವೇಶವಾಗಿದೆ. ಎರಡನೆಯದು ಬರಲಿಲ್ಲ. ಕಂಪ್ಯೂಟರು ಬಂತು ಎಂದು ಬರೆಯಬಹುದು. ಅವಳು ಬಂದಳು ಎಂದು ಹೇಗೆ ಬರೆಯುವುದು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ನಾನು ಇಲ್ಲಿ ಪ್ರತ್ಯಕ್ಷವನ್ನೂ ಕಂಡಿರಲಿಲ್ಲ. ಅವಳ ಮೇಲೆ ಅನುಮಾನ ಕಡಿಮೆಯಾಯಿತೆಂದಲ್ಲ, ನನ್ನ ಸಹಿಯ ಮೇಲೆ ನನಗೆ ಅಕ್ಕರೆ ಹೆಚ್ಚು. ಕಾಗದ ಬದಿಗಿಟ್ಟು ಬೇರೆ ಹಾದಿ ಹಿಡಿದೆ. ಯಾರಿಗೂ ಹೇಳದೆ ರೂಟ್ ಬಾಗಿಲು ಮುಚ್ಚುವುದು, ಆಮೇಲೆ ಯಾರು ಬಂದು ಬಡಿಯುತ್ತಾರೆ ಎಂದು ಕಾಯುವುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಈ ಕೆಲಸದಲ್ಲಿ ಅವಸರ ಮಾಡಿದರೆ ಮುಚ್ಚುವವರೇ ಹೊರಗೆ ಉಳಿಯುತ್ತಾರೆ. ಮೊದಲು ನನ್ನ ಹೆಸರಿನಲ್ಲಿ ಒಂದು ಖಾತೆ ಮಾಡಿದೆ. ಅದಕ್ಕೆ ಪಾಸ್‌ವರ್ಡಿನ ಬದಲು ಕೀಲಿಕೈ ಕೊಟ್ಟೆ. ಈ ಕೀಲಿಕೈ ಎರಡು ಕಡತಗಳ ಜೋಡಿ, ಒಂದು ಸರ್ವರಿನಲ್ಲಿ, ಇನ್ನೊಂದು ನನ್ನ ಲ್ಯಾಪ್‌ಟಾಪಿನಲ್ಲಿ. ನನ್ನದನ್ನು ತೆರೆಯಲು ನಾನೊಬ್ಬಳೇ ಬಲ್ಲ ಗುಪ್ತವಾಕ್ಯ ಬೇಕು. ಒಳಗೆ ಬಂದ ಮೇಲೆ ಯಜಮಾನನ ಕೆಲಸವಿದ್ದರೆ ಸೂಡೊ ಎಂಬ ಅಪ್ಪಣೆ ಕೇಳಬೇಕು, ಕೇಳಿದ್ದು ಕೇಳಿದವರ ಹೆಸರಿನೊಂದಿಗೆ ದಾಖಲಾಗುತ್ತದೆ. ಆಮೇಲೆ ದೂರಪ್ರವೇಶದ ನಿಯಮಗಳ ಕಡತ ತೆರೆದು, ರೂಟ್ ಬರಬಹುದೇ ಎಂಬ ಸಾಲಿನ ಮುಂದಿದ್ದ ಹೌದು ಎಂಬುದನ್ನು ಇಲ್ಲ ಮಾಡಿದೆ. ಒಳಗೆ ಬರಬಲ್ಲವರ ಸಾಲಿನಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಕಡತದಲ್ಲಿ ತಪ್ಪಿಲ್ಲವೆಂದು ಪರೀಕ್ಷಿಸಿ, ಇದ್ದ ಕಿಟಕಿಯನ್ನು ಮುಚ್ಚದೆ ಹಾಗೇ ಇಟ್ಟು, ಸೇವೆಯನ್ನು ಮತ್ತೆ ಶುರು ಮಾಡಿದೆ. ಇನ್ನೊಂದು ಕಿಟಕಿಯಿಂದ ನನ್ನ ಹೆಸರಿನಲ್ಲಿ ಬಂದು ನೋಡಿದೆ, ಬಿಟ್ಟುಕೊಂಡಿತು. ರೂಟ್ ಎಂದು ಬಂದು ನೋಡಿದೆ, ಬಿಡಲಿಲ್ಲ. ಆ ಮೇಲೆಯೇ ಹಳೆಯ ಕಿಟಕಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಬಡಿದವರು ನರಗುಂದದವರು. ಉಪವಾಸದ ಸಕ್ಕರೆ ಪರೀಕ್ಷೆಗೆ ಬಂದವರು ಬಾಗಿಲವರೆಗೂ ಕೂತಿದ್ದಾರೆ, ಯಂತ್ರದ ಫಲಿತಾಂಶ ಸರ್ವರಿಗೆ ಹೋಗುತ್ತಿಲ್ಲ ಎಂದು ಮ್ಯಾನೇಜರ ಫೋನು. ನನ್ನ ಕಿವಿ ನೆಟ್ಟಗಾಯಿತು. ನೋಡಿದರೆ ಅಲ್ಲಿ ಕಳ್ಳತನವೇನೂ ಇರಲಿಲ್ಲ. ಫಲಿತಾಂಶ ಕಳಿಸುವ ಪುಟ್ಟ ಸ್ಕ್ರಿಪ್ಟನ್ನು ತಂತ್ರಾಂಶದವನು ರೂಟ್ ಹೆಸರಿನಲ್ಲೇ ಬರೆದಿಟ್ಟಿದ್ದ. ಮ್ಯಾನೇಜರು ಡಾಕ್ಟರರಿಗೆ ದೂರಿದರು. ಡಾಕ್ಟರರು ನನಗೆ ಫೋನು ಮಾಡಿ, ಏನು ಮುಚ್ಚಿದ್ದೀರೋ ತೆಗೆಯಿರಿ, ಹಸಿದ ಮಂದಿ ಬಯ್ಯುತ್ತಿದ್ದಾರೆ ಎಂದರು. ರೂಟ್ ಮತ್ತೆ ತೆರೆದರೆ ನಿಮಿಷದ ಕೆಲಸ. ತೆರೆಯಲಿಲ್ಲ. ಫಲಿತಾಂಶ ಇಳಿಸುವುದಕ್ಕಷ್ಟೇ ಒಂದು ಖಾತೆ ಮಾಡಿದೆ. ಅದು ನರಗುಂದದ ವಿಳಾಸದಿಂದ ಮಾತ್ರ ಬರಬೇಕು, ತನ್ನ ಒಂದು ಪೆಟ್ಟಿಗೆಯಲ್ಲಿ ಕಡತ ಇಟ್ಟು ಹೋಗಬೇಕು, ಬೇರೆ ಏನನ್ನೂ ಕಣ್ಣೆತ್ತಿ ನೋಡುವಂತಿಲ್ಲ. ಗಜೇಂದ್ರಗಡಕ್ಕೂ ಅಂಥದೇ ಒಂದು ಮಾಡಿದೆ. ಅಷ್ಟು ಹೊತ್ತು ಫೋನಿನಲ್ಲಿ ಬಯ್ಗುಳ ತಿಂದೆ.

ಮತ್ತೆ ಒಂದೆರಡು ದಿನ ಏನೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಲಾಗಿನಲ್ಲಿ ಸಾಲು ಮೂಡಿತು: ರೂಟ್, ಗಜೇಂದ್ರಗಡದಿಂದ, ನಿರಾಕರಿಸಲಾಗಿದೆ. ಮತ್ತೊಂದು ಸಲ. ಮಗದೊಂದು ಸಲ. ಸಿಕ್ಕಳು ಅಂದುಕೊಂಡು ಕೂಡಲೇ ಕೇಂದ್ರಕ್ಕೆ ಫೋನು ಹಚ್ಚಿದೆ. ಅವಳೇ ಎತ್ತಿದಳು. ಏನು ಮಾಡುತ್ತಿದ್ದೀ ಎಂದು ಕೇಳಿದೆ. ಒಬ್ಬ ಅಜ್ಜನ ರಕ್ತ ತೆಗೆಯುತ್ತಿದ್ದೇನೆ ಎಂದಳು. ಕಂಪ್ಯೂಟರಿನಲ್ಲಿ ಏನಿದೆ ನೋಡು ಎಂದೆ. ಅವಳು ಹೋಗಿ ನೋಡಿ ಬಂದಳು.

"ಅಕ್ಕಾರ, ಪರದೆ ಮ್ಯಾಲಿನ ಬಾಣ ತನ್ನಷ್ಟಕ್ಕ ತಾನ ಓಡ್ಯಾಡಾಕ್ಹತ್ತೈತ್ರಿ. ಆಗಾಗ ಹಿಂಗ ಆಕೈತಿ."

ನಾನು ನಂಬಲಿಲ್ಲ. ಯಾರಾದರೂ ಹಾಗೇ ಹೇಳುತ್ತಾರೆ. ಮರುದಿನ ಮೊದಲ ಬಸ್ಸು ಹಿಡಿದು, ಹೇಳದೆ ಕೇಳದೆ ಗಜೇಂದ್ರಗಡಕ್ಕೆ ಹೋಗಿ ಕೇಂದ್ರದ ಬೆಂಚಿನ ಮೇಲೆ ಕೂತೆ. ಅವಳು ಚಹಾ ತರಿಸಿಕೊಟ್ಟು ತನ್ನ ಕೆಲಸ ಹಿಡಿದಳು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಿಟಕಿಯಿಂದ ನೋಡಿ ಬೇಸರ ಬಂದ ಹೊತ್ತಿಗೆ ಬಾಣ ಅಲುಗಿತು. ಅವಳು ನನ್ನ ಪಕ್ಕದಲ್ಲೇ, ಎರಡೂ ಕೈಗೆ ಕೈಗವಸು ಹಾಕಿಕೊಂಡು ನಿಂತಿದ್ದಳು. ಬಾಣ ತಾನಾಗಿ ಹೋಗಿ ಕಪ್ಪು ಕಿಟಕಿಯೊಂದನ್ನು ತೆರೆಯಿತು, ರೂಟ್ ಎಂದು ಬರೆಯಿತು, ಸರ್ವರ್ ಒದ್ದು ಹೊರಗೆ ಹಾಕಿತು. ಆ ಕಂಪ್ಯೂಟರಿನಲ್ಲಿ ದೂರದಿಂದ ಪರದೆ ನಡೆಸುವ ತಂತ್ರಾಂಶವೊಂದು ಸದಾ ತೆರೆದಿರುತ್ತಿತ್ತು. ಹುಬ್ಬಳ್ಳಿಯವನು ಹಾಕಿದ್ದು. ಇದನ್ನು ಎಂದೂ ಆರಿಸಬೇಡಿ ಎಂದು ಅವಳಿಗೆ ಹೇಳಿಯೂ ಹೋಗಿದ್ದ. ಖಂಡೆಪೂಜೆಗೂ ಅವಳು ಪರದೆಯನ್ನಷ್ಟೇ ಆರಿಸಿದ್ದಳು.

ಅವನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನಿಗೆ ಮುಚ್ಚುಮರೆಯೇನೂ ಇರಲಿಲ್ಲ. ಮೂರೂ ಊರಿನ ಸಣ್ಣಪುಟ್ಟ ದುರಸ್ತಿಗೆ ತಾನು ಹೀಗೇ ಬರುವುದು, ನಿನ್ನೆಯಿಂದ ಯಾಕೋ ಒಳಗೆ ಬಿಡುತ್ತಿಲ್ಲ, ನೀವೇನಾದರೂ ಮಾಡಿದಿರಾ ಎಂದು ನನ್ನನ್ನೇ ಕೇಳಿದ. ನವಮಿಯ ಮಧ್ಯಾಹ್ನ ಬಂದಿದ್ದೆಯಾ ಎಂದೆ. "ಇಲ್ರಿ ಮೇಡಂ, ಅವತ್ತು ನಮ್ಮ ಆಫೀಸಿನ್ಯಾಗೂ ಪೂಜಾ. ಒಂದ ಕೀ ಸೈತ ಮುಟ್ಟಿಲ್ಲ," ಎಂದ. ಅವನ ಕಚೇರಿಯವರನ್ನೂ ಕೇಳಿದೆ. ನಿಜವೇ, ಆ ದಿನ ಅಲ್ಲಿ ಯಂತ್ರಗಳೆಲ್ಲ ಹೂ ಹೊತ್ತು ಕೂತಿದ್ದವು.

ಹೀಗೆ ಬಾಗಿಲು ಬಡಿದವನು ಸಿಕ್ಕರೂ ಮತ್ತೆ ಎಲ್ಲ ಅವಳ ಮೇಲೆಯೇ ಬಂತು. ನವಮಿಯ ಮಧ್ಯಾಹ್ನ ಅವನಿರಲಿಲ್ಲ, ಅವಳಿದ್ದಳು. ರೋಣಕ್ಕೆ ಬಂದು ಹೇಳಿದಾಗ ಮ್ಯಾನೇಜರು, ಇನ್ನೇನು ಉಳಿಯಿತು ಎಂಬಂತೆ ಡಾಕ್ಟರರ ಮುಖ ನೋಡಿದರು. ಡಾಕ್ಟರರು ಸಂಜೆಯೊಳಗೆ ನನ್ನ ಕಾಗದ ಬೇಕೆಂದರು. ನಾನು ಆ ಹೊತ್ತಿಗೆ ಎಲ್ಲರನ್ನೂ ಅನುಮಾನಿಸುತ್ತಿದ್ದೆ. ಹುಡುಗಿಯನ್ನು, ಹುಬ್ಬಳ್ಳಿಯವನನ್ನು, ಇಷ್ಟು ಅವಸರ ಮಾಡುವ ಮ್ಯಾನೇಜರನ್ನು, ಕಣ್ಣು ತಪ್ಪಿಸುತ್ತಿದ್ದ ಡಾಕ್ಟರರನ್ನು ಸಹ. ಅನುಮಾನಿಸದೆ ಬಿಟ್ಟದ್ದು ಒಂದನ್ನೇ, ಲಾಗ್. ಎತ್ತು ಈಯಿತು ಎಂದು ಅದು ಹೇಳಿತು, ಕೊಟ್ಟಿಗೆಯಲ್ಲಿ ಕಟ್ಟಿರಿ ಎಂದು ನಾನ್ಯಾಕೆ ಅಂದೆ?

ಮತ್ತೆ ಹಿಂದಿನ ಕೋಣೆಗೆ ಹೋಗಿ ಆ ದಿನದ ಲಾಗನ್ನು, ಈ ಸಲ ಏನನ್ನೂ ಸೋಸದೆ, ಮೊದಲಿನಿಂದ ಓದತೊಡಗಿದೆ. ರೂಟ್ ಬಂದ ಸಾಲಿಗಿಂತ ತುಸು ಮೇಲೆ, ಯಂತ್ರ ಹೊಸದಾಗಿ ಎದ್ದಾಗ ಬರುವ ಸಾಲುಗಳ ರಾಶಿ ಇತ್ತು. ಅದರ ಮೇಲೆ, ಯಂತ್ರ ಕ್ರಮವಾಗಿ ಆರಿದ ಸಾಲು. ಆರಿದ ಗಂಟೆಗೂ ಎದ್ದ ಗಂಟೆಗೂ ಅಂತರವೇ ಇರಲಿಲ್ಲ. ರೂಟ್ ಬಂದ ಸಾಲು ದಾಟಿ ಕೆಳಗೆ ಹೋದರೆ ಗಡಿಯಾರ ಸರಿಪಡಿಸಿಕೊಂಡ ಸಾಲು ಸಿಕ್ಕಿತು. ಅಲ್ಲಿ ಸಮಯ ನವಮಿಯ ಮಧ್ಯಾಹ್ನದಿಂದ ಒಮ್ಮೆಲೇ ದಶಮಿಯ ಸಂಜೆಗೆ ಜಿಗಿದಿತ್ತು. ಕುರ್ಚಿಯಿಂದ ಎದ್ದೆ.

"ಡಾಕ್ಟರ್ರ, ಖರೇ ಹೇಳ್ರಿ. ನವಮಿ ದಿನ ಸರ್ವರ್ ಆರಿಸಿದ್ರೇನು?"

ಡಾಕ್ಟರರು ಕನ್ನಡಕ ತೆಗೆದು ಒರೆಸಿದರು. "ಹೌದ್ರಿ. ಅಪ್ಪನ ಕಾಲದಿಂದ ನಡಕೊಂಡು ಬಂದದ್ದು, ಮನಸ್ಸು ಕೇಳಲಿಲ್ಲ. ದಶಮಿ ಸಂಜಿ ನೀವು ಬರೂದರಾಗ ಚಾಲೂ ಮಾಡಿದೆ. ನೀವು ಬೈತೀರಿ ಅಂತ ಹೇಳಲಿಲ್ಲ."

ಅರವತ್ತು ದಾಟಿದ, ಊರೇ ಕೈಮುಗಿಯುವ ಮನುಷ್ಯ ನನ್ನ ಬಾಯಿಗೆ ಹೆದರಿ ಕದ್ದು ಪೂಜೆ ಮಾಡಿದ್ದರು. ಆ ಪ್ರವೇಶ ತಾವು ಆರಿಸುವ ಮೊದಲೇ ಆಗಿದ್ದೀತು ಎಂದುಕೊಂಡು ಸುಮ್ಮನಿದ್ದರಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟಂತೂ ಬಂತು.

ಅವರನ್ನು ಸರ್ವರಿನ ಮುಂದೆ ಕೂರಿಸಿಕೊಂಡು ತೋರಿಸಿದೆ. ಯಂತ್ರ ಆರಿದ್ದಾಗಲೂ ಹೊತ್ತು ಎಣಿಸುತ್ತಿರಲು ಅದರ ಒಳಗೆ ನಾಣ್ಯದಷ್ಟು ಒಂದು ಬ್ಯಾಟರಿ ಇರುತ್ತದೆ. ನಮ್ಮದರದು ಎಂದೋ ಸತ್ತಿರಬೇಕು, ವರ್ಷವಿಡೀ ಆರದ ಯಂತ್ರದಲ್ಲಿ ಅದು ಗೊತ್ತಾಗುವುದಿಲ್ಲ. ಹಾಗೆ ಸತ್ತಾಗ ಯಂತ್ರ ತಾನು ಮಲಗಿದ ಗಂಟೆಯನ್ನೇ ನೆನಪಿಟ್ಟುಕೊಂಡು, ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಇಂಟರ್‌ನೆಟ್ ಸಿಕ್ಕಮೇಲೆ ಅದು ಸರಿಯಾದ ಸಮಯ ಕೇಳಿ ತಿಳಿದುಕೊಳ್ಳುತ್ತದೆ. ಮೋಡೆಮಿನ ತಂತಿ ಕಿತ್ತು, ಸರ್ವರ್ ಆರಿಸಿ, ಇಬ್ಬರೂ ಚಹಾ ಕುಡಿದು ಬಂದು ಮತ್ತೆ ಚಾಲು ಮಾಡಿದೆವು. ಗೋಡೆಯ ಗಡಿಯಾರ ಮುಂದೆ ಹೋಗಿತ್ತು. ಸರ್ವರಿನದು ನಾವು ಚಹಾಕ್ಕೆ ಎದ್ದ ಗಂಟೆಯಲ್ಲೇ ನಿಂತಿತ್ತು.

ಹಾಗಾದರೆ ರೂಟ್ ಬಂದದ್ದು ನವಮಿಯ ಮಧ್ಯಾಹ್ನವಲ್ಲ. ದಶಮಿಯ ಸಂಜೆ, ಡಾಕ್ಟರರು ಸರ್ವರ್ ಚಾಲು ಮಾಡಿದ ಮೇಲೆ, ನಾನು ಮೋಡೆಮ್ ಚಾಲು ಮಾಡುವ ಮೊದಲು. ಎದ್ದ ಮೇಲೆ ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಯಂತ್ರ ಬೇರೆಯಾಗಿ ಎಣಿಸುತ್ತಿರುತ್ತದೆ, ಗಡಿಯಾರ ತಪ್ಪಿದರೂ ಆ ಎಣಿಕೆ ತಪ್ಪುವುದಿಲ್ಲ. ಗಡಿಯಾರ ಸರಿಯಾದ ಕ್ಷಣದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕಾಲು ತಾಸಿನ ಹಿಂದೆ. ಆ ಕಾಲು ತಾಸಿನಲ್ಲಿ ಮೂರೂ ಊರಿನವರು ಈ ಲ್ಯಾಬಿನ ಪಡಸಾಲೆಯಲ್ಲೇ ಇದ್ದರು. ಗಜೇಂದ್ರಗಡದ ಕೇಂದ್ರ ಕೀಲಿ ಹಾಕಿಕೊಂಡಿತ್ತು.

"ಆವಾಗ ಆಕಿ ನನ್ನ ಮುಂದನ ಆರತಿ ತಾಟು ಹಿಡಕೊಂಡು ನಿಂತಿದ್ಲರಿ," ಎಂದರು ಡಾಕ್ಟರರು. ಧ್ವನಿ ಸಣ್ಣದಾಗಿತ್ತು.

ನನಗೂ ನೆನಪಾಯಿತು. ಆ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಎದುರಿಗೆ ಬಂದು, ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಎಂದು ನನ್ನ ಕೈಗೆ ಎಲೆ ಇಟ್ಟವಳು ಅವಳೇ. ಆ ಎಲೆ ಮುಷ್ಟಿಯಲ್ಲಿದ್ದಾಗಲೇ ನಾನು ಮೋಡೆಮ್ ಚಾಲು ಮಾಡಿದ್ದೆ. ಇನ್ನೊಂದೂ ನೆನಪಾಯಿತು. ನಾನು ಒಳಗೆ ಬರುವಾಗ ಮ್ಯಾನೇಜರು ಹೊರಗಿನ ಕಟ್ಟೆಯ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಫೋನಿನಲ್ಲಿ ಮಾತಾಡುತ್ತಿದ್ದರು.

ಹುಬ್ಬಳ್ಳಿಯವನಿಗೆ ಮತ್ತೆ ಫೋನು ಮಾಡಿ, ಈ ಸಲ ದಶಮಿಯ ಸಂಜೆಯ ಬಗ್ಗೆ ಕೇಳಿದೆ. ಅವನು ಸಲೀಸಾಗಿ ಒಪ್ಪಿಕೊಂಡ. ಪೂಜೆ ಎತ್ತಿದ ಮೇಲೆ ನರಗುಂದದ ಮ್ಯಾನೇಜರು ಫೋನು ಮಾಡಿದ್ದರು, ಒಂದು ರಕ್ತದ ಗುಂಪು ತಿದ್ದಿಕೊಟ್ಟೆ ಎಂದ. ನೀವು ನವಮಿ ಅಂತ ಕೇಳಿದಿರಿ, ದಶಮಿ ಅಂತ ಕೇಳಲಿಲ್ಲವಲ್ಲ ಎಂದೂ ಸೇರಿಸಿದ. ನರಗುಂದದ ಒಬ್ಬ ಗರ್ಭಿಣಿಯ ಗುಂಪನ್ನು ಅಲ್ಲಿಯವರು ಪಾಸಿಟಿವ್ ಬದಲು ನೆಗೆಟಿವ್ ಎಂದು ಟೈಪು ಮಾಡಿದ್ದರು. ಅವಳ ಗಂಡ ಹಬ್ಬದ ದಿನವೇ ಮ್ಯಾನೇಜರನ್ನು ಹಿಡಿದಿದ್ದ. ಕ್ರಮದಂತೆ ತಿದ್ದಿದರೆ ಡಾಕ್ಟರರ ಸಹಿ ಬೇಕು, ಮೇಲೆ ತಿದ್ದಿದ ವರದಿ ಎಂದು ಅಚ್ಚಾಗುತ್ತದೆ. ಅದು ಬೇಡವೆಂದು ಮ್ಯಾನೇಜರು ಹಿಂದಿನ ಬಾಗಿಲಿನಿಂದ ತಿದ್ದಿಸಿದರು. ಹುಬ್ಬಳ್ಳಿಯವನೋ, ಹೆಸರು ಮತ್ತು ಮನೆತನ ಕೊಟ್ಟು, ಆ ಹೆಸರಿನವರಿಗೆಲ್ಲ ಪಾಸಿಟಿವ್ ಮಾಡು ಎಂದು ಆಜ್ಞೆ ಬರೆದ. ನಮ್ಮ ಸೀಮೆಯಲ್ಲಿ ದೇವಿಯ ಹೆಸರಿನ ಹೆಣ್ಣುಮಕ್ಕಳು ಓಣಿಗೆ ಇಬ್ಬರು. ಇವರಿಬ್ಬರ ಮನೆತನದ ಹೆಸರೂ ಒಂದೇ ಇತ್ತು, ನರಗುಂದದವಳ ಜೊತೆ ಗಜೇಂದ್ರಗಡದ ತವರಿನಲ್ಲಿದ್ದವಳೂ ಪಾಸಿಟಿವ್ ಆದಳು.

ಮ್ಯಾನೇಜರು ಅಷ್ಟನ್ನೂ ಒಪ್ಪಿಕೊಂಡರು. ಒಂದನ್ನು ಮಾತ್ರ ಒಪ್ಪಲಿಲ್ಲ. ಗಜೇಂದ್ರಗಡದ ವರದಿ ಕೆಟ್ಟದ್ದು ತಮ್ಮ ತಿದ್ದುಪಡಿಯಿಂದ ಎಂದು ತಮಗೆ ಹೊಳೆಯಲೇ ಇಲ್ಲ, ಲಾಗು ನವಮಿ ಅಂದದ್ದರಿಂದ ಅದು ಬೇರೆಯೇ ಎಂದು ತಿಳಿದಿದ್ದೆ ಎಂದರು. ಇದ್ದರೂ ಇರಬಹುದು. ಆದರೂ ಕುರ್ಚಿ ಮುಂದೆ ಎಳೆದುಕೊಂಡು ಆ ಹುಡುಗಿಯ ಹೆಸರು ಹೇಳುವಾಗ ಅವರಿಗೆ ಒಂದಿಷ್ಟೂ ಅಳುಕು ಇರಲಿಲ್ಲವೇ ಎಂದು ನನಗೆ ಇವತ್ತಿಗೂ ಅನುಮಾನ. ಡಾಕ್ಟರರು ಅವರನ್ನು ನರಗುಂದದಿಂದ ತೆಗೆದು ತಮ್ಮ ಕಣ್ಣೆದುರಿಗೆ, ರೋಣದಲ್ಲಿ ಕೂರಿಸಿಕೊಂಡರು. ಗಜೇಂದ್ರಗಡದ ಗರ್ಭಿಣಿಯ ಮನೆಗೆ ತಾವೇ ಹೋಗಿ ತಪ್ಪಾಯಿತು ಎಂದು ಬಂದರು. ಆಸ್ಪತ್ರೆಯವರು ಹೆರಿಗೆಗೆ ಮೊದಲೇ ಚುಚ್ಚುಮದ್ದು ತರಿಸಿಟ್ಟುಕೊಂಡರು.

ಗಜೇಂದ್ರಗಡಕ್ಕೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿಯನ್ನು ಡಾಕ್ಟರರು ಫೋನಿನಲ್ಲಿ ಹೇಳಿದ್ದರು. ನಾನು ಹೋದದ್ದು ಆ ಕಂಪ್ಯೂಟರಿನಿಂದ ಹುಬ್ಬಳ್ಳಿಯವನ ತಂತ್ರಾಂಶ ಕಿತ್ತುಹಾಕಲು. ಇನ್ನು ಮುಂದೆ ಅವನು ಬರಬೇಕೆಂದರೆ ತನ್ನ ಹೆಸರಿನಲ್ಲಿ, ಕೇಳಿಕೊಂಡು, ನಾನು ತೆರೆದಷ್ಟು ಹೊತ್ತು ಬರಬೇಕು. ಅವಳು ಎಂದಿನಂತೆ ಚಹಾ ತರಿಸಿದಳು. ಗಡಿಯಾರದ ಕಥೆಯನ್ನೆಲ್ಲ ನಾನು ಉತ್ಸಾಹದಿಂದ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನವಮಿ ದಿನ ನಾ ಮುಟ್ಟಿಲ್ಲ ಅಂತ ಮೊದಲನ ಹೇಳಿದ್ನೆಲ್ರಿ, ಅಕ್ಕಾರ," ಎಂದಳು. "ಅದಕ್ಕ ಗಡಿಯಾರ ಯಾಕ ಬೇಕಾತ್ರಿ?"

ತಪ್ಪು ತಿಳಿದುಕೊಂಡೆ ತಂಗಿ ಎಂದೆ. ಅವಳು ಚಹಾದ ಖಾಲಿ ಲೋಟ ಎತ್ತಿಟ್ಟಳು. ಹೊಸ ಲ್ಯಾಬಿಗೆ ಹೋಗುತ್ತೀಯಂತೆ, ಹೌದೇ ಎಂದು ಕೇಳಿದೆ. ಕರೆದದ್ದು ನಿಜ, ಹೋಗುವುದಿಲ್ಲ ಎಂದು ಹೇಳಿ ಕಳಿಸಿ ತಿಂಗಳ ಮೇಲಾಯಿತು ಎಂದಳು. ನನ್ನನ್ನು ಯಾರೂ ಕೇಳಲಿಲ್ಲ ಎಂದೂ ಹೇಳಿದಳು. ಆಮೇಲೆ ತನ್ನ ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ಹೆಸರಲೇ ಒಂದು ಖಾತೆ ಮಾಡಿಕೊಡ್ರಿ. ನಾ ಬಂದ್ರ ನಾ ಬಂದಂಗ ಕಾಣಬೇಕು. ಬರಲಿಲ್ಲಂದ್ರ ಬರಲಾರದ್ದೂ ಕಾಣಬೇಕು."

ಮಾಡಿಕೊಟ್ಟೆ. ಅವಳ ಕೀಲಿಕೈ ಜೋಡಿಯನ್ನು ಅವಳ ಕಂಪ್ಯೂಟರಿನಲ್ಲೇ ಹುಟ್ಟಿಸಿ, ಸರ್ವರಿನ ಪಾಲನ್ನು ಸರ್ವರಿನಲ್ಲಿಟ್ಟೆ. ಕೊನೆಗೆ ಗುಪ್ತವಾಕ್ಯ ಬರೆ ಎಂದು ಪರದೆ ಕೇಳಿತು. ನಾನು ಎಂದಿನ ಚಾಳಿಯಂತೆ ಅವಳ ಬೆನ್ನ ಹಿಂದೆ ಬಗ್ಗಿ ನಿಂತಿದ್ದೆ, ಸರಿಯಾಗಿ ಬರೆಯುತ್ತಾಳೋ ಇಲ್ಲವೋ ನೋಡಲು. ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟು ಬರೆಯದೆ ಕೂತಳು. ಆಮೇಲೆ ತಿರುಗದೆಯೇ, ಮೆಲ್ಲಗೆ, "ಅಕ್ಕಾರ, ಆ ಕಡೆ ಹೊಳ್ಳಿ ನಿಂದರ್ರಿ," ಎಂದಳು.

ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವಳು ಮುಗಿಯಿತು ಎನ್ನುವವರೆಗೂ ತಿರುಗಲಿಲ್ಲ.